ಮುಟ್ಟಿದ ಮೇಲೆ ತೊಳೆಯಬೇಡ

ತಾಯಿಯಿಲ್ಲದ ಮೊಮ್ಮಗಳು, ನಾನೇ ಸಾಕಿ ದೇವದುರ್ಗಕ್ಕೆ ಕೊಟ್ಟಿದ್ದೆ. ಹೊಸದರಲ್ಲಿ ಅವಳ ಅತ್ತೆ ಓಣಿಯ ತುಂಬ ಹೊಗಳಿಕೊಂಡು ತಿರುಗಿದಳು. ಸೊಸೆ ಭಾಳ ಮಡಿಯಂತೆ, ಕೈ ತೊಳೆಯದೆ ಲೋಟ ಸಹ ಹಿಡಿಯುವುದಿಲ್ಲವಂತೆ. ಆ ಹೊಗಳಿಕೆಯೇ ಹುಡುಗಿಯನ್ನು ಹಾಳು ಮಾಡಿತು. ತೊಳೆದೂ ತೊಳೆದೂ ಅಂಗೈ ಸುಲಿದು ರಕ್ತ ಬಂದರೂ ನಳ ಬಿಟ್ಟು ಏಳಲಿಲ್ಲ. ಮನೆಯ ನೀರು ಖಾಲಿಯಾಗಿ ಗಂಡ ಬೈಯತೊಡಗಿದ ಮೇಲೆ ಅದೇ ಅತ್ತೆ ಗಾಳಿ ಸೋಕಿದೆ ಎಂದಳು. ಮಡಿ ಗಾಳಿಯಾಗಲು ಒಂದು ಡ್ರಮ್ಮು ನೀರು ಸಾಕಾಯಿತು.

ನಾನು ಮಾನ್ವಿಯಿಂದ ಹೋಗಿ ಅವಳನ್ನು ರಾಯಚೂರಿಗೆ ಕರೆದೊಯ್ದೆ. ಅಲ್ಲಿ ಗುಳಿಗೆ ಕೊಡದೆ ಮಾತಿನಲ್ಲೇ ಮನಸ್ಸಿನ ರೋಗ ನೋಡುವ ಒಬ್ಬ ಹೆಣ್ಣುಮಗಳಿದ್ದಾಳೆ. ಇದು ಮಡಿಯೂ ಅಲ್ಲ, ಗಾಳಿಯೂ ಅಲ್ಲ, ರೋಗ ಎಂದಳು. ಹುಡುಗಿಗೆ ತನ್ನ ಕೈಯ ಹೊಲಸಿನಿಂದ ಮನೆಯವರಿಗೆ ಏನಾದರೂ ಆದೀತೆಂಬ ಹೆದರಿಕೆ. ತೊಳೆದರೆ ಗಳಿಗೆ ಹೊತ್ತು ಇಳಿಯುತ್ತದೆ, ಮತ್ತೆ ಏರುತ್ತದೆ. ಅದಕ್ಕೆ ಆಕೆ ಬಾಗಿಲ ಚಿಲಕ ಮುಟ್ಟಿಸಿ, ತೊಳೆಯಗೊಡದೆ, ಹೆದರಿಕೆ ತಾನಾಗಿ ಇಳಿಯುವ ತನಕ ಎದುರಿಗೇ ಕೂರುತ್ತಿದ್ದಳು. ಹುಡುಗಿ ಅತ್ತಳು. ಆದರೆ ಬರಬರುತ್ತ ಅಂಗೈಗೆ ಹೊಸ ಚರ್ಮ ಬಂತು.

ಒಮ್ಮೆ ಅತ್ತೆಯೂ ಬಂದು, ಬಾಗಿಲ ಹೊರಗೆ ಕುಳಿತು ಅರ್ಧಂಬರ್ಧ ಕೇಳಿಸಿಕೊಂಡಳು. ಒಳಗೆ ಹೇಳಿದ್ದು ‘ಮುಟ್ಟಿದ ಮೇಲೆ ತೊಳೆಯಬೇಡ’. ದೇವದುರ್ಗ ಮುಟ್ಟುವ ಹೊತ್ತಿಗೆ ಅದು ‘ಮುಟ್ಟಾದ ಮೇಲೆ ತೊಳೆಯಬೇಡ’ ಆಗಿತ್ತು. ಓಣಿಯ ಹೆಂಗಸರೆಲ್ಲ ಬಾಯಿಗೆ ಸೆರಗು ಇಟ್ಟುಕೊಂಡರು. ಇನ್ನು ರಾಯಚೂರಿಗೆ ಕಳಿಸುವುದಿಲ್ಲ ಎಂದು ನನಗೆ ಫೋನು ಬಂತು.

ಹೋದೆ. ಅತ್ತೆ ಕಟ್ಟೆಯ ಮೇಲೆ ಕುಳಿತಿದ್ದಳು.

“ಮುಟ್ಟಾದಾಗ ತೊಳೀಬ್ಯಾಡಂತಾಳ. ಅಂಥಾಕಿ ಹತ್ರ ಹ್ಯಾಂಗ ಕಳಸ್ಲಿ, ನೀವೇ ಹೇಳ್ರಿ.”

“ಆಕಿ ಚಿಲಕ ಮುಟ್ಟು ಅಂದಾಳ. ನಿಮ್ಮನ್ಯಾಗ ಚಿಲಕಾನೂ ಮುಟ್ಟಾಗ್ತದೇನ್ರೀ?”

ಪಕ್ಕದ ಮನೆಯಾಕೆ ಕಿಸಕ್ಕೆಂದಳು. ತಾನೇ ತಪ್ಪು ಕೇಳಿಸಿಕೊಂಡೆ ಎಂಬುದು ಅತ್ತೆಗೂ ತಿಳಿಯಿತು. ಆದರೆ ಓಣಿಗೆಲ್ಲ ಹಂಚಿದ ಮಾತನ್ನು ಹೇಗೆ ನುಂಗುವುದು? ಹೋದರೆ ಹೋಗಲಿ, ಮರಳಿ ಈ ಹೊಸ್ತಿಲು ತುಳಿಯುವುದು ಬೇಡ ಎಂದುಬಿಟ್ಟಳು. ಗಂಡನೆಂಬುವನು ಮೊಬೈಲು ತಿಕ್ಕುತ್ತ ನಿಂತಿದ್ದ. ಅವನಿಗೆ ಬಾಯಿ ಯಾಕೆ ಕೊಟ್ಟನೋ ದೇವರು.

ಮೊಮ್ಮಗಳು ಚೀಲ ಹಿಡಿದು ಹೊರಗೆ ಬಂದಳು. “ನಡಿಬೇ ಯವ್ವಾ, ಬಸ್ಸು ತಪ್ತದ.”

ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿಯನ್ನು ಬರಿಗೈಯಲ್ಲಿ ಹಿಡಿದು ಕುಳಿತಳು. ಊರು ದಾಟಿದ ಮೇಲೆ ನನ್ನ ಕಡೆ ತಿರುಗಿದಳು.

“ನಾ ಹಿಂಗ ಮುಟ್ಟಿದ್ರ ಅವ್ರಿಗೇನೂ ಆಗಂಗಿಲ್ಲಲ್ಲ ಯವ್ವಾ?”

ಅವರಿಗೆ! ಹೊರಗೆ ಹಾಕಿದ ಆ ಜನಕ್ಕೆ! ಆದ್ರ ಆಗ್ಲಿ ಬಿಡು ಎಂಬ ಮಾತು ಬಾಯಿಗೇ ಬಂದಿತ್ತು. ಹುಡುಗಿ ಹೀಗೆ ಕೇಳಿದಾಗ ಹೌದೆಂದೂ ಇಲ್ಲವೆಂದೂ ಹೇಳಬೇಡಿ, ಹೇಳಿದರೆ ಮತ್ತೆ ಕೇಳುತ್ತಲೇ ಇರುತ್ತಾಳೆ ಎಂದು ರಾಯಚೂರಿನಾಕೆ ತಾಕೀತು ಮಾಡಿದ್ದಳು. ಹಲ್ಲು ಕಚ್ಚಿ ಕಿಟಕಿಯ ಕಡೆ ಮುಖ ಮಾಡಿದೆ.