ಬೋರೇಗೌಡರ ಮೇಲಿನ ಕಿಂಡಿ

ನಾನು ನಿಂತಿದ್ದದ್ದು ಹಾಸನದ ಒಂದು ಖಾಸಗಿ ಕ್ಲಿನಿಕ್ಕಿನ ಹಜಾರದಲ್ಲಿ, ಔಷಧಿ ಕೊಡುವ ಕಿಟಕಿಯಿಂದ ಎಡಕ್ಕೆ ಎರಡನೇ ಕಂಬದ ಪಕ್ಕ. ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಕೂರಲು ಜಾಗವಿತ್ತು. ಕೂತರೆ ಏಳುವಾಗ ಮತ್ತೆ ಉಸಿರು ಕಟ್ಟುತ್ತದೆ ಎಂದು ನಿಂತೇ ಇದ್ದೆ. ಆಗ ಒಡೆದ ಪೀಪಿ ಊದಿದಂಥ ಸದ್ದು ಕೇಳಿಸಿತು.

ತಿರುಗಿ ನೋಡಿದರೆ, ಪಂಚೆಯ ಮೇಲೆ ಕಂದು ಸ್ವೆಟರ್ ಹಾಕಿದ, ಅರವತ್ತು ದಾಟಿದ ಒಬ್ಬ ದೊಡ್ಡಾಳು ಬೆಂಚಿನ ತುದಿಯಲ್ಲಿ ಕೂತು, ಎರಡೂ ಕೆನ್ನೆ ಉಬ್ಬಿಸಿಕೊಂಡು, ಬೆರಳುದ್ದದ ಒಂದು ಪ್ಲಾಸ್ಟಿಕ್ ಕೊಳವೆಯನ್ನು ಊದುತ್ತಿದ್ದರು. ಊದಿ ಊದಿ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಒಳಗಿಂದ ಬಂದ ಡಾಕ್ಟರಮ್ಮ ಅಲ್ಲೇ ನಿಂತುಬಿಟ್ಟರು.

"ಯಜಮಾನ್ರೇ, ಏನ್ ಮಾಡ್ತಿದೀರ?"

"ನೀವ್ ಏಳಿದ್ನೇ ಮಾಡ್ತಾ ಇವ್ನಿ ತಾಯಿ. ದಿನಕ್ಕೆ ಎರಡ್ ಸಲ."

"ಮಾತ್ರೆ?"

"ಅದ್ನೂ ತಪ್ಸಿಲ್ಲ. ಬೆಳಿಗ್ಗೆ ಒಂದು, ಸಂಜಿಕೆ ಒಂದು. ಮಜ್ಜಿಗೇಲಿ ನುಂಗ್ಬುಟ್ಟು, ಆಮ್ಯಾಕೆ ಪೀಪಿ ಊದ್ತೀನಿ."

ಹಜಾರವೆಲ್ಲ ನಕ್ಕಿತು. ಡಾಕ್ಟರಮ್ಮ ನಗಲಿಲ್ಲ. ಬೆಂಚಿನ ಮೇಲೆ ಅವರ ಪಕ್ಕದಲ್ಲೇ ಕೂತು, ಮಾತ್ರೆಯನ್ನು ಕೊಳವೆಯೊಳಗೆ ಕೂರಿಸಿ, ತಿರುಗಿಸಿ ಒಡೆದು, "ಇದರೊಳಗಿನ ಪುಡಿಯನ್ನ ಬಾಯಿಂದ ಒಳಕ್ಕೆ ಎಳ್ಕೋಬೇಕು. ಊದೋದಲ್ಲ, ನುಂಗೋದೂ ಅಲ್ಲ. ಒಂದು ತಿಂಗಳು ಹೊಟ್ಟೆಗೆ ಔಷಧಿ ಹಾಕಿದೀರ. ಕಾಯಿಲೆ ಇರೋದು ಎದೇಲಿ" ಎಂದರು.

ಆ ದೊಡ್ಡಾಳು ಕೊಳವೆಯನ್ನು ತಿರುಗಿಸಿ ನೋಡಿದರು. "ಅಂಗಾರೆ ನನ್ ಒಟ್ಟೆ ಈಗ ಎಷ್ಟ್ ಬೇಕಾದ್ರೂ ಉಸ್ರಾಡ್ತದೆ ಬುಡಿ" ಎಂದರು.

ಇವರೇ ಬೋರೇಗೌಡರು. ರಾಮನಾಥಪುರದ ಹತ್ತಿರದ ಒಂದು ಹಳ್ಳಿಯವರು. ಆ ಕಡೆ ಬ್ಯಾರನ್ ಬೋರೇಗೌಡ ಎಂದರೆ ಬಸ್ಸಿನವರೂ ಮನೆ ತೋರಿಸುತ್ತಿದ್ದರು. ಹೊಗೆಸೊಪ್ಪನ್ನು ಕೋಲಿಗೆ ಕಟ್ಟಿ, ಎತ್ತರದ ಕೋಣೆಯೊಳಗೆ ಸಾಲಾಗಿ ನೇತುಹಾಕಿ, ಐದಾರು ದಿನ ಹಗಲೂ ರಾತ್ರಿ ಒಲೆ ಉರಿಸಿ ಹದ ಮಾಡುತ್ತಾರೆ. ಆ ಕೋಣೆಗೆ ಬ್ಯಾರನ್ ಎನ್ನುತ್ತಾರೆ. ಗೌಡರು ಅದರ ಗೋಡೆಗೆ ಅಂಗೈ ಇಟ್ಟು ಒಳಗಿನ ಶಾಖ ಹೇಳುತ್ತಿದ್ದರು. ಉಷ್ಣಮಾಪಕ ಅವರಿಗಿಂತ ಹೆಚ್ಚು ಸಲ ತಪ್ಪುತ್ತಿತ್ತು ಎಂದು ಅವರ ಹೆಂಡತಿ ಲಕ್ಕಮ್ಮ ಹೇಳುತ್ತಾರೆ. ನಾನು ಅದನ್ನು ಪರೀಕ್ಷಿಸಿ ನೋಡಿಲ್ಲ.

ನನ್ನ ವಿಷಯ ಎರಡು ಮಾತಿನಲ್ಲಿ ಹೇಳುತ್ತೇನೆ. ಅರಕಲಗೂಡಿನವನು, ಸರ್ವೆ ಇಲಾಖೆಯಲ್ಲಿ ಹೊಲಗಳ ಎಲ್ಲೆ ಅಳೆದು ನಿವೃತ್ತನಾದವನು. ಆ ಮಂಗಳವಾರಕ್ಕೆ ಇಪ್ಪತ್ತಾರು ದಿನ ಮುಂಚೆ ಅದೇ ಡಾಕ್ಟರಮ್ಮ ನನಗೂ ಅದೇ ಕಾಯಿಲೆ ಎಂದಿದ್ದರು: ಶ್ವಾಸಕೋಶದ ಗಾಳಿಯ ದಾರಿಗಳು ಇರುಕಾಗಿವೆ, ಪೂರ್ತಿ ವಾಸಿಯಾಗುವುದಿಲ್ಲ, ಹಿಡಿತದಲ್ಲಿ ಇಟ್ಟುಕೊಂಡು ಬದುಕಬಹುದು. ಮೂರು ಮಾತಿನಲ್ಲಿ ನಡುವಿನದು ಮಾತ್ರ ನನ್ನ ಕಿವಿಯಲ್ಲಿ ಉಳಿದಿತ್ತು. ಹೆಂಡತಿಗೆ ಅಲರ್ಜಿ ಎಂದು ಹೇಳಿದ್ದೆ. ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿ ನೀರಿನ ಸದ್ದಿನಲ್ಲಿ ಉಸಿರಿನ ಔಷಧಿಯ ಪಂಪು ಎಳೆದುಕೊಳ್ಳುತ್ತಿದ್ದೆ.

ಅಂದು ಇಬ್ಬರಿಗೂ ಒಂದೇ ಬಸ್ಸು. ಹಾಸನದ ನಿಲ್ದಾಣದಲ್ಲಿ ಬಸ್ಸಿನ ಮೆಟ್ಟಿಲ ಮುಂದೆ ನಾನು ಕಂಬಿ ಹಿಡಿದು ನಿಂತುಬಿಟ್ಟೆ. ಹಿಂದಿನಿಂದ ಯಾರೋ "ಅತ್ತಿ ಅತ್ತಿ" ಎಂದು ಅವಸರ ಮಾಡಿದರು. ಗೌಡರು ಅವರ ಕಡೆ ತಿರುಗಿ, "ತಡ್ಕಳ್ಳಲಾ, ಇಬ್ರು ಮುದುಕ್ರು ಉಸ್ರು ಉಡುಕ್ತಾ ಅವ್ರೆ" ಎಂದರು. ನನಗೆ, "ಮೆಟ್ಲು ಅತ್ತುವಾಗ ಉಸ್ರು ಬುಡಿ ಸಾ. ನಿಂತಾಗ ತಕ್ಕಳಿ. ಡಾಕ್ಟ್ರಮ್ಮ ಈಗಿನ್ನೂ ಏಳ್ಕೊಟ್ರಲ್ಲ" ಎಂದರು. ನಾನು ಇಪ್ಪತ್ತಾರು ದಿನದ ಹಿಂದೆಯೇ ಅದನ್ನು ಕೇಳಿದ್ದೆ. ಮಾಡಿರಲಿಲ್ಲ.

ಪಕ್ಕ ಪಕ್ಕ ಕೂತ ಮೇಲೆ ಕೇಳಿದರು. "ಎಷ್ಟ್ ವರ್ಸ ಸೇದಿದ್ರಿ?"

"ಮೂವತ್ತನಾಲ್ಕು."

"ಬೀಡಿಯಾ, ಸಿಗರೇಟಾ?"

"ಸಿಗರೇಟು."

ಗೌಡರ ಮುಖ ಅರಳಿತು. "ಅಂಗಾರೆ ನಾನ್ ಬೇಯ್ಸಿದ್ದನ್ನೇ ಸೇದಿದೀರ!" ಎಂದು ತೊಡೆ ತಟ್ಟಿದರು. ಮುಂದಿನ ಸೀಟಿನವರು ತಿರುಗಿ ನೋಡಿದರು. "ನಾನು ಒಂದಿನಾನೂ ಸೇದ್ದೋನಲ್ಲ ಸಾ. ನಮ್ಮವ್ವನ ಆಣೆ. ಆದ್ರೂ ಊರೋರು ಬೋರ ಕದ್ದು ಸೇದ್ತಿದ್ದ ಅಂತಾರೆ. ಒಲೆಬಾಯಲ್ಲಿ ನಲವತ್ ವರ್ಸ ಸೌದೆ ಒಗೆ ಕುಡ್ದಿದ್ದು ಯಾರ್ ಲೆಕ್ಕಕ್ಕೂ ಇಲ್ಲ. ನೀವು ಸೇದಿ ತಂದ್ಕಂಡ್ರಿ, ನಾನು ನೀವ್ ಸೇದ್ಲಿ ಅಂತ ಬೇಯ್ಸಿ ತಂದ್ಕಂಡೆ. ನಾವಿಬ್ರೂ ನೆಂಟ್ರು ಕಣ್ ಸಾ."

ಆ ಮಾತಿಗೆ ನನಗೆ ನಗು ಬಂತು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ, ಬ್ಯಾಗಿನ ತಳದಲ್ಲಿ ಕರವಸ್ತ್ರ ಸುತ್ತಿ ಇಟ್ಟಿದ್ದ ಪಂಪನ್ನು ತೆಗೆದು, ಬಸ್ಸಿನ ಜನರ ಎದುರಿಗೇ ಎಳೆದುಕೊಂಡೆ. ಮನೆಗೆ ಹೋಗಿ ಅದನ್ನು ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ ಇಟ್ಟೆ. ಹೆಂಡತಿ "ಅಲರ್ಜಿಗಾ?" ಎಂದಳು. "ಅಲ್ಲ" ಎಂದೆ.

ಆಮೇಲೆ ತಿಂಗಳಿಗೆ ಒಂದೆರಡು ಸಲ ನಾನು ಅವರ ಊರಿಗೆ ಹೋಗುವುದು ರೂಢಿಯಾಯಿತು. ಮೊದಲ ಸಲ ಹೋದಾಗ ಗೌಡರು ನನ್ನನ್ನು ಮನೆಗೆ ಕರೆಯದೆ ನೇರ ಬ್ಯಾರನ್ನಿನ ಮುಂದೆ ನಿಲ್ಲಿಸಿದರು. ಬುಡದಲ್ಲಿ ನಾಲ್ಕು ಕಿಂಡಿ, ಮಾಡಿನಲ್ಲಿ ಒಂದು ಉದ್ದನೆಯ ಕಿಂಡಿ. ಮೇಲಿನದಕ್ಕೆ ಹಗ್ಗ ಕಟ್ಟಿದ ಮುಚ್ಚಳ. ಹಗ್ಗ ಎಳೆದರೆ ತೆರೆಯುತ್ತದೆ, ಬಿಟ್ಟರೆ ಮುಚ್ಚುತ್ತದೆ.

"ಡಾಕ್ಟ್ರಮ್ಮ ಎದೆ ಫೋಟೋ ತೋರ್ಸಿ ಏನೇನೋ ಏಳಿದ್ರು, ನನಗ್ ತಿಳೀಲಿಲ್ಲ. ಮನೆಗ್ ಬಂದು ಇದ್ರ ಮುಂದೆ ಕುಂತಾಗ ತಿಳೀತು. ಕೆಳಗ್ಲ ಕಿಂಡೀಲಿ ಗಾಳಿ ಒಳಕ್ ಬತ್ತದೆ, ಮೇಲ್ಗಡೆ ಕಿಂಡೀಲಿ ಈಚೆಗ್ ಓಯ್ತದೆ. ಮೇಲ್ಗಡೇದು ಸರಿಯಾಗ್ ತೆಗೀದೇ ಓದ್ರೆ ಒಳಗಡೆ ಅಬೆ ಕಟ್ಕಂಡು ಸೊಪ್ಪು ಕರ್ರಗಾಯ್ತದೆ. ನಮ್ದೂ ಅಷ್ಟೇಯ. ಗಾಳಿ ಸಾಲ್ದು ಸಾಲ್ದು ಅಂತ ಎಳೀತೀವಿ. ಸಾಲ್ದೇ ಇರೋದಲ್ಲ ಸಾ, ಒಳಗ್ಲ ಅಳೆ ಗಾಳಿ ಈಚೆಗೇ ಓಗಿಲ್ಲ. ಮೊದ್ಲು ಮೇಲಿನ ಕಿಂಡಿ ತೆಗೀರಿ."

ತುಟಿಯನ್ನು ಬಿಸಿ ಕಾಫಿ ಆರಿಸುವವರ ಹಾಗೆ ಮಾಡಿ, ನಿಧಾನವಾಗಿ, ಬಹಳ ನಿಧಾನವಾಗಿ ಉಸಿರು ಬಿಟ್ಟು ತೋರಿಸಿದರು. ಎರಡು ಎಣಿಸುವಷ್ಟು ಒಳಕ್ಕೆ, ನಾಲ್ಕು ಎಣಿಸುವಷ್ಟು ಹೊರಕ್ಕೆ. ಡಾಕ್ಟರಮ್ಮ ಹೇಳಿದ್ದೂ ಅದನ್ನೇ. ಆದರೆ ನನ್ನ ತಲೆಗೆ ಹತ್ತಿದ್ದು ಬ್ಯಾರನ್ನಿನ ಮುಂದೆ.

ಗೌಡರಿಗೆ ಸಾಯುವ ಹೆದರಿಕೆ ಅಷ್ಟಿರಲಿಲ್ಲ. ಇನ್ನು ಒಲೆಬಾಯಿಗೆ ಕೂರಬಾರದು ಎಂದು ಡಾಕ್ಟರಮ್ಮ ಹೇಳಿದ್ದು ಅವರನ್ನು ಅಲ್ಲಾಡಿಸಿತ್ತು. ಉರಿ ನೋಡದ ಬೋರೇಗೌಡ ಎಂದರೆ ಯಾರು ಎಂಬುದು ಅವರಿಗೇ ಗೊತ್ತಿರಲಿಲ್ಲ. ಎಂಟನೇ ದಿನ ಸೊಸೆ ಪವಿತ್ರಳನ್ನು ಕರೆದು, "ಉರಿ ನೀನ್ ನೋಡ್ಕಳವ್ವ, ನಾನು ದೂರದಿಂದ ಏಳ್ತೀನಿ" ಎಂದರು. ಆ ಊರಲ್ಲಿ ಹೆಂಗಸರು ಸೊಪ್ಪು ಕಟ್ಟುತ್ತಿದ್ದರೇ ಹೊರತು ಒಲೆಗೆ ಕೂತವರಿರಲಿಲ್ಲ. ಆದರೆ ಅವಳನ್ನು ಕೂರಿಸುವ ಮುಂಚೆ ಒಲೆಬಾಯಿಗೂ ಕೂರುವ ಜಾಗಕ್ಕೂ ನಡುವೆ ಎದೆಮಟ್ಟದ ಗೋಡೆ ಕಟ್ಟಿಸಿದರು, ಹೊಗೆಕೊಳವೆಯನ್ನು ಆರಡಿ ಎತ್ತರಿಸಿದರು. "ಈ ಗ್ವಾಡೆ ನಲವತ್ ವರ್ಸದ ಇಂದೆ ಕಟ್ಟಿದ್ರೆ ನಿಮ್ ಪರಿಚಯ ಆಯ್ತಿರ್ಲಿಲ್ಲ ಸಾ" ಎಂದು ನನಗೆ ಹೇಳಿದರು.

ತಾವು ಹೊಂಗೆಮರದ ಕೆಳಗೆ, ಗಾಳಿ ಬರುವ ದಿಕ್ಕಿಗೆ ಕುರ್ಚಿ ಹಾಕಿಸಿಕೊಂಡರು. ಅಲ್ಲಿಂದ ಬ್ಯಾರನ್ನಿನ ಬಾಗಿಲಿಗೆ ಅರವತ್ತೆರಡು ಹೆಜ್ಜೆ, ಸ್ವಲ್ಪ ಏರು. ಪವಿತ್ರ ಒಂದೊಂದು ಎಲೆ ತಂದು ತೋರಿಸುತ್ತಿದ್ದಳು. ಅವರು ಮೂಸಿ, ಬೆರಳಲ್ಲಿ ಉಜ್ಜಿ, "ಇನ್ನೊಂದೀಟು" ಎನ್ನುತ್ತಿದ್ದರು. "ಬ್ಯಾರನ್ ಗೌಡ ಓಗಿ ಮರದ ಗೌಡ ಆದ" ಎಂದು ಲಕ್ಕಮ್ಮ ಬಂದವರಿಗೆಲ್ಲ ಹೇಳುತ್ತಿದ್ದರು. ಗೌಡರು ಅದಕ್ಕೆ, "ಮರದ್ ಕೆಳಗೆ ಕುಂತೋರ್ಗೆ ಗ್ಯಾನ ಬತ್ತದಂತೆ ಕಣಮ್ಮಿ, ನಿನಗ್ಯಾಕ್ ವಟ್ಟೆಯುರಿ" ಎನ್ನುತ್ತಿದ್ದರು.

ಒಂದು ವರ್ಷ ರುದ್ರಪಟ್ಟಣದ ಸಂಗೀತೋತ್ಸವಕ್ಕೆ ನಾನೇ ಅವರನ್ನು ಕರೆದುಕೊಂಡು ಹೋದೆ. ಗೌಡರು ರಾಗ ಕೇಳಲಿಲ್ಲ. ಹಾಡುವವರು ಸ್ವರ ಹಿಡಿದು ನಿಂತಾಗಲೆಲ್ಲ ಬೆರಳು ಮಡಿಸುತ್ತಿದ್ದರು. ಒಮ್ಮೆ ನನ್ನ ಕಿವಿಯ ಹತ್ತಿರ ಬಾಗಿ, "ಒಂದೇ ಉಸ್ರಲ್ಲಿ ಇಪ್ಪತ್ತೆರಡು. ಏನ್ ಕಿಂಡಿ ಸಾ ಆ ಮನ್ಸಂದು!" ಎಂದರು. ಮನೆಯಲ್ಲಿ ಉಸಿರು ಬಿಡುವಾಗ ಗೌಡರು ಹನ್ನೊಂದು ಎಣಿಸುವವರೆಗೆ ಬಂದಿದ್ದರು. ನಾನು ಒಂಬತ್ತು.

ಈಗ ನಾನು ಕಂಡದ್ದನ್ನು, ಕಂಡಷ್ಟೇ ಬರೆಯುತ್ತೇನೆ. ಕಾಯಿಲೆ ಗೊತ್ತಾದ ಮೂರನೇ ವರ್ಷ, ಆಗಸ್ಟ್ ತಿಂಗಳು, ಬೆಳಿಗ್ಗೆ ಒಂಬತ್ತೂವರೆ. ಗೌಡರು ಕುರ್ಚಿಯಲ್ಲಿ, ನಾನು ಅವರ ಬಲಕ್ಕೆ ಕಲ್ಲಿನ ಮೇಲೆ. ಪವಿತ್ರ ಒಲೆಯ ಹತ್ತಿರ, ಲಕ್ಕಮ್ಮ ಚಪ್ಪರದಲ್ಲಿ ಸೊಪ್ಪು ಕಟ್ಟುತ್ತಿದ್ದರು. ಪಕ್ಕದ ಹೊಲದ ಸಿದ್ದಪ್ಪ ನೇಗಿಲ ಹಗ್ಗ ಕೇಳಲು ಬಂದು ಅಲ್ಲೇ ನಿಂತಿದ್ದ. ಮಾಡಿನ ಕಿಂಡಿಯಿಂದ ಬಿಳಿ ಹಬೆ ಬರುವ ಜಾಗದಲ್ಲಿ ಕಂದು ಬಣ್ಣದ ಹೊಗೆಯ ಎಳೆಯೊಂದು ಎದ್ದಿತು. ಒಳಗೆ ಸೊಪ್ಪಿನ ಕೋಲು ಕಳಚಿ, ಒಲೆಯ ಶಾಖ ಹರಿಯುವ ಕಾದ ಕೊಳವೆಯ ಮೇಲೆ ಬಿದ್ದಿತ್ತು. ಲಕ್ಕಮ್ಮ ಕೂಗಿಕೊಂಡರು. ಸಿದ್ದಪ್ಪ ಬಕೆಟ್ಟು ಎತ್ತಿಕೊಂಡು ಬಾಗಿಲ ಕಡೆ ಓಡಿದ.

ನಾನೂ ಎದ್ದು ಓಡಿದೆ. ಏಳನೇ ಹೆಜ್ಜೆಗೆ ಎದೆ ಬೀಗ ಹಾಕಿಕೊಂಡಿತು. ಮಂಡಿ ಹಿಡಿದು ಬಾಗಿ ನಿಂತಾಗ ಗೌಡರು ನನ್ನ ಪಕ್ಕದಿಂದ ಹಾದುಹೋದರು. ಓಡುತ್ತಿರಲಿಲ್ಲ. ತುಟಿ ಮುಂದಕ್ಕೆ ಮಾಡಿ, ಎರಡು ಹೆಜ್ಜೆಗೆ ಉಸಿರು ಒಳಕ್ಕೆ, ನಾಲ್ಕು ಹೆಜ್ಜೆಗೆ ಹೊರಕ್ಕೆ, ಏರು ಹತ್ತುತ್ತಿದ್ದರು. ಅವರ ಜೀವಮಾನದ ಬ್ಯಾರನ್ನು ಉರಿಯುತ್ತಿತ್ತು. ನನಗೆ ಅವರ ಬುದ್ಧಿ ಕೆಟ್ಟಿತೇನೋ ಅನ್ನಿಸಿತು.

"ಏನ್ ದಿಬ್ಬಣದಂಗೆ ಬತ್ತಾ ಇದೀಯಾ? ಬಿರ್ನೆ ಬಾ!" ಎಂದು ಲಕ್ಕಮ್ಮ ಚೀರಿದರು.

ಅವರು ಹೆಜ್ಜೆ ಬದಲಾಯಿಸಲಿಲ್ಲ. ನಲವತ್ತು ಹೆಜ್ಜೆಯ ಸುಮಾರಿಗೆ ನಿಂತರು. ಸಿದ್ದಪ್ಪನ ಕೈ ಆಗಲೇ ಬಾಗಿಲ ಚಿಲಕದ ಮೇಲಿತ್ತು. ಗೌಡರು ಒಂದು ಉಸಿರು ತೆಗೆದುಕೊಂಡರು.

"ಸಿದ್ದಾ, ಬಾಗ್ಲು ತೆಗೀಬ್ಯಾಡ ಕಣ್ಲಾ! ಲಕ್ಕೀ, ಮೇಲಿನ ಅಗ್ಗ ಬುಡು! ಪವಿತ್ರಾ, ಕೆಳಗ್ಲ ಕಿಂಡಿ ಮುಚ್ಚವ್ವ, ಉರಿ ಈಚೆಗೆಳಿ!"

ಅಷ್ಟೂ ಒಂದೇ ಉಸಿರಿನಲ್ಲಿ. ದನಿ ನನ್ನವರೆಗೂ ಸ್ಪಷ್ಟವಾಗಿ ಬಂತು. ಸಿದ್ದಪ್ಪ ಬೆಂಕಿ ಮುಟ್ಟಿದವನಂತೆ ಕೈ ತೆಗೆದ. ಮೇಲಿನ ಮುಚ್ಚಳ ದಡ್ಡೆಂದು ಬಿತ್ತು. ಪವಿತ್ರ ನಾಲ್ಕೂ ಕಿಂಡಿ ಮುಚ್ಚಿ, ಒಲೆಯ ಕೊಳ್ಳಿಗಳನ್ನು ಹೊರಗೆಳೆದು ಮಣ್ಣು ಹಾಕಿದಳು. ಗೌಡರು ನಿಂತಲ್ಲೇ ನೆಲಕ್ಕೆ ಕೂತರು. ನಾನು ಹೋಗಿ ಅವರ ಜೇಬಿನಿಂದ ಪಂಪು ತೆಗೆದು ಬಾಯಿಗೆ ಹಿಡಿದೆ.

ಮುಕ್ಕಾಲು ಗಂಟೆ ಯಾರನ್ನೂ ಬಾಗಿಲ ಹತ್ತಿರ ಬಿಡಲಿಲ್ಲ. ತೆಗೆದಾಗ ಹನ್ನೊಂದು ಕೋಲಿನ ಸೊಪ್ಪು ಸುಟ್ಟಿತ್ತು. ಗಾಳಿ ಸಿಗದೆ ಬೆಂಕಿ ಅಲ್ಲಿಗೇ ನಂದಿತ್ತು. ಮೊದಲೇ ಬಾಗಿಲು ತೆಗೆದಿದ್ದರೆ ಗಾಳಿ ನುಗ್ಗಿ ಒಂದೇ ಸಲಕ್ಕೆ ಹೊತ್ತಿಕೊಳ್ಳುತ್ತಿತ್ತು, ಆ ಬಾಗಿಲಲ್ಲಿ ಸಿದ್ದಪ್ಪ ನಿಂತಿರುತ್ತಿದ್ದ.

"ಯಾಕ್ ಓಡ್ಲಿಲ್ಲ ಗೌಡ್ರೇ?" ಎಂದು ಕೇಳಿದೆ.

"ಓಡಿದ್ರೆ ಅಲ್ಗಂಟ ಓಯ್ತಿದ್ದೆ ಸಾ. ಮಾತು ಬತ್ತಿರ್ಲಿಲ್ಲ."

ಆಮೇಲೂ ಮೂರು ವರ್ಷ ಅದೇ ಮರದ ಕೆಳಗೆ ಕೂತು ಸೊಪ್ಪು ಬೇಯಿಸಿದರು. ಕಳೆದ ಚಳಿಗಾಲ ಜ್ವರ ಎದೆಗಿಳಿದು ತೀರಿಕೊಂಡರು. ಅದಕ್ಕೆ ಹತ್ತು ದಿನ ಮುಂಚೆ ನೋಡಲು ಹೋಗಿದ್ದೆ. ಮಂಚದ ಪಕ್ಕ ಆಮ್ಲಜನಕದ ಯಂತ್ರ ಗುಂಯ್‌ಗುಡುತ್ತಿತ್ತು. ತಮ್ಮ ವಿಷಯ ಎತ್ತಲಿಲ್ಲ. "ನೆನ್ನೆ ಎಷ್ಟ್ ನಡುದ್ರಿ?" ಎಂದರು. "ಎರಡು ಸಾವಿರದ ನಾನೂರ ಹತ್ತು ಹೆಜ್ಜೆ" ಎಂದೆ. "ಆ ಅತ್ತುನೂ ಬುಡಲ್ಲ ನೋಡು ಸರ್ವೇರ್ ಸಾ" ಎಂದು ಲಕ್ಕಮ್ಮನ ಕಡೆ ನೋಡಿ ನಕ್ಕರು. ನಾನು ಏಳುವಾಗ ಕೈ ಎತ್ತಿ ಮಾಡಿನ ಕಡೆ ತೋರಿಸಿದರು. ನಾನು ತುಟಿ ಮುಂದಕ್ಕೆ ಮಾಡಿ ಉಸಿರು ಬಿಟ್ಟು ತೋರಿಸಿದೆ. ಎಣಿಕೆ ಹನ್ನೆರಡರವರೆಗೆ ಬಂತು.

ಬೆಂಕಿಯ ದಿನ ಗೌಡರು ಓಡದೆ ನಡೆದೇ ಹೋದದ್ದನ್ನು ನಾನು ಹೇಳಿದರೆ ಅರಕಲಗೂಡಿನಲ್ಲಿ ಕೆಲವರು ನಂಬುವುದಿಲ್ಲ. ಬೇಕಾದವರು ಹೋಗಿ ಕೇಳಬಹುದು. ಚಿಲಕದ ಮೇಲೆ ಕೈಯಿಟ್ಟಿದ್ದ ಸಿದ್ದಪ್ಪ ಇದ್ದಾನೆ. ಹಗ್ಗ ಬಿಟ್ಟ ಲಕ್ಕಮ್ಮ ಇದ್ದಾರೆ. ಕಿಂಡಿ ಮುಚ್ಚಿದ ಪವಿತ್ರ ಇದ್ದಾಳೆ, ಈ ವರ್ಷದ ಉರಿಯೂ ಅವಳದೇ. ನಾನಿದ್ದೇನೆ.