ಹೂವಿಗೆ ಮುಳ್ಳು

ಆ ಮನೆಯ ಸೊಸೆ ಹೂ ಜೋಡಿಸುವ ಮಣ್ಣಿನ ಬೋಗುಣಿಗಳನ್ನು ಕೈಯಾರೆ ಮಾಡುವವಳು. ಜೇಡಿಮಣ್ಣು, ಬಣ್ಣ ಎಲ್ಲ ಸಿಕ್ಕಿತ್ತು. ಸಿಗದೆ ಸತಾಯಿಸುತ್ತಿದ್ದುದು ಒಂದೇ: ಬೋಗುಣಿಯ ತಳದಲ್ಲಿ ಕೂತು ಹೂವಿನ ದಂಟನ್ನು ನೆಟ್ಟಗೆ ಹಿಡಿಯುವ, ಮೊನಚು ತಂತಿಮುಳ್ಳುಗಳ ಕಬ್ಬಿಣದ ಬಿಲ್ಲೆ.

"ಹೂವಿಗೆ ಮುಳ್ಳು ಇದ್ಯಾ ಅಣ್ಣ?" ಎಂದು ಕೇಳಿದರೆ ಕಬ್ಬಿಣದಂಗಡಿಯವನು, "ಗುಲಾಬಿ ತಗೊಳ್ಳಮ್ಮ, ಜೊತೆಗೇ ಬರುತ್ತೆ," ಎಂದ.

ನಾಲ್ಕು ಬೀದಿ ಸುತ್ತಿ ಬರಿಗೈಯಲ್ಲಿ ಬಂದವಳು ಅಂಗಡಿಯವರಿಗೆಲ್ಲ ಹಿಡಿಶಾಪ ಹಾಕುತ್ತಿದ್ದಾಗ, ಅತ್ತೆ ಒಳಗಿಂದ ತಮ್ಮ ತಲೆ ಬಾಚುವ ತಂತಿಹಲ್ಲಿನ ಬ್ರಷ್ ತಂದರು. ಹಿಡಿಯನ್ನು ಲಟಕ್ಕನೆ ಮುರಿದು, ಹಲ್ಲು ಮೇಲಾಗಿ ಬೋಗುಣಿಯಲ್ಲಿ ಕೂರಿಸಿ, ಗುಲಾಬಿ ಚುಚ್ಚಿದರು. ಹೂ ಅಲುಗಲಿಲ್ಲ.

"ನಿಮಗೆ ಬೇಡ್ವಾ ಅತ್ತೆ?"

ಅತ್ತೆ ಕೂದಲುದುರಿದ ನೆತ್ತಿ ಸವರಿಕೊಂಡರು. "ಈ ನಾಲ್ಕು ಎಳೆಗೆ ಬೆರಳೇ ಸಾಕು ಕಣೆ. ತಲೆ ಮೇಲಂತೂ ಹೂ ನಿಲ್ಲಲ್ಲ, ಬ್ರಷ್ ಮೇಲಾದ್ರೂ ನಿಲ್ಲಲಿ."