ಬಾಟಲಿಯ ಮೇಲಿನ ಹಳದಿ ಕೈ

ಜಲಜಾ, ನಿನ್ನ ಕೈಯ ಗುರುತನ್ನು ಮಾರಿದವಳು ನಾನೇ. ಹೆಸರನ್ನು ಮಾತ್ರ ಬರೆದುಕೊಟ್ಟಿದ್ದೇನೆ, ಕೈ ಅದರಲ್ಲಿ ಸೇರಿಲ್ಲ ಎಂದು ಹೇಳಿದ್ದೆನಲ್ಲ — ಅದು ಸುಳ್ಳು. ಕರಾರಿನಲ್ಲಿ ಎರಡೂ ಇತ್ತು. ಇಂಗ್ಲಿಷಿನಲ್ಲಿದ್ದದ್ದು ನನಗೆ ತಿಳಿಯಲಿಲ್ಲ ಎನ್ನಲೂ ಬರುವುದಿಲ್ಲ. ವಕೀಲರು ಒಂದೊಂದು ಸಾಲನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದ ಮೇಲೆಯೇ ಸಹಿ ಹಾಕಿದ್ದು.

ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರಪಡಬೇಡ. ಬರೆಯುತ್ತಾ ಹೋದರೆ ಧೈರ್ಯ ಬಂದೀತು ಎಂದು...

ಕೊಪ್ಪದಲ್ಲಿ ನೀವು ನಮ್ಮ ಪಕ್ಕದ ಮನೆಯಲ್ಲಿದ್ದ ಕಾಲ. ಉಪ್ಪಿನಕಾಯಿಯ ವ್ಯಾಪಾರ ನನ್ನದು. ಅಪ್ಪೆಮಿಡಿ ಆರಿಸುವುದು, ಉಪ್ಪಿಗೆ ಹಾಕುವುದು, ಸಾಸಿವೆ ಮೆಣಸು ಬೀಸುವುದು, ಅಂಗಡಿ ಅಂಗಡಿ ತಿರುಗುವುದು ಎಲ್ಲ ನಾನೇ. ಮಸಾಲೆ ಕಲಸಲು ಮಾತ್ರ ನೀನೇ ಬರಬೇಕು. ನಾನು ಕಲಸಿದರೆ ಸ್ವಲ್ಪ ದಿನದಲ್ಲೇ ಬೂಷ್ಟು ಹಿಡಿಯುತ್ತಿತ್ತು. ನೀನು ಕಲಸಿದ್ದು ವರ್ಷ ಕಳೆದರೂ ನಿನ್ನೆ ಹಾಕಿದ ಹಾಗೆ. “ಅದು ಕೈಗುಣ ಮಾರಾಯ್ತಿ, ಹೊಟ್ಟೆಕಿಚ್ಚು ಪಟ್ಟು ಎಂತ ಮಾಡ್ತೀಯ?” ಎಂದು ನಮ್ಮತ್ತೆ ಕಿಚಾಯಿಸುತ್ತಿದ್ದರು. ನೀನು ಬಿದ್ದು ಬಿದ್ದು ನಗುತ್ತಿದ್ದೆ. ನಾನೂ ನಗುತ್ತಿದ್ದೆ, ಆದರೆ ಹೊಟ್ಟೆಕಿಚ್ಚು ನಿಜವಾಗಿಯೂ ಇತ್ತು.

ಕಲಸಿದವರು ಭರಣಿಯ ಬಾಯಿಗೆ ಕಟ್ಟಿದ ಬಟ್ಟೆಯ ಮೇಲೆ ಅರಿಸಿನದ ಕೈ ಒತ್ತಬೇಕು ಎನ್ನುವುದು ಅತ್ತೆಯ ತವರಿನ ಪದ್ಧತಿ. ಹಾಳಾದರೆ ಯಾರನ್ನು ಬೈಯಬೇಕೆಂದು ಗೊತ್ತಾಗಲಿ ಎಂದು! ನಿನ್ನ ಕಿರುಬೆರಳು ಸಣ್ಣವಳಿದ್ದಾಗ ಒರಳಿಗೆ ಸಿಕ್ಕಿ ಹೊರಗೆ ಬಾಗಿದ್ದು. ಬಟ್ಟೆಯ ಮೇಲೂ ಅದು ಹಾಗೆಯೇ ಮೂಡುತ್ತಿತ್ತು. ಬಾಟಲಿಗೆ ಲೇಬಲ್ ಮಾಡಿಸುವಾಗ ಆ ಬಟ್ಟೆಯನ್ನೇ ಪ್ರೆಸ್ಸಿಗೆ ಕೊಟ್ಟೆ. ಮೇಲೆ ‘ಸುಮಿ’ ಎಂದು ನನ್ನ ಹೆಸರು, ಕೆಳಗೆ ನಿನ್ನ ಹಳದಿ ಕೈ. ಟ್ರೇಡ್‌ಮಾರ್ಕ್ ರಿಜಿಸ್ಟರ್ ಮಾಡಿಸಿದಾಗ ಎರಡೂ ನನ್ನ ಹೆಸರಿಗೇ ಬಂತು. ನಿನಗೋ ಸಂಭ್ರಮವೋ ಸಂಭ್ರಮ. ಬಸ್‌ಸ್ಟ್ಯಾಂಡಿನ ಅಂಗಡಿಯ ಮುಂದೆ ನಿಂತು ಬಾಟಲಿಯ ಪಕ್ಕ ಕೈ ಹಿಡಿದು, ಹೋಗಿಬರುವವರಿಗೆಲ್ಲ ತೋರಿಸುತ್ತಿದ್ದೆ. ಚುನಾವಣೆ ಬಂದರೆ ಅಂಗಡಿಯವರು “ಇದನ್ನ ಸ್ವಲ್ಪ ದಿನ ಒಳಗೆ ಇಡ್ತೇವೆ ಅಮ್ಮ” ಎಂದು ಬಾಟಲಿ ಬಚ್ಚಿಡುತ್ತಿದ್ದದ್ದು ನೆನಪಿದೆಯೇ? ಅದಕ್ಕೆ ಎಷ್ಟು ನಕ್ಕಿದ್ದೇವೆ!

ಆಮೇಲೆ ನನಗೆ ಮಂಡಿನೋವು ಹಿಡಿಯಿತು, ತಿರುಗಾಟ ಸಾಕೆನಿಸಿತು. ಎನ್.ಆರ್. ಪುರದ ವ್ಯಾಪಾರಿ ಬಸವರಾಜಪ್ಪನವರು ನಮ್ಮ ಗುರುತನ್ನು ಕೊಳ್ಳಲು ಮುಂದೆ ಬಂದರು. ಕರಾರಿನ ದಿನ ಅವರ ಮನೆಯಲ್ಲಿ ಮದುವೆಯಂಥ ಸಡಗರ. ಹೋಳಿಗೆ ಊಟ, ನನಗೊಂದು ಶಾಲು. “ಈ ಕೈಗೆ ನಮಸ್ಕಾರ ಮಾಡ್ಬೇಕು ನೋಡಿ!” ಎಂದು ಅವರು ಎಲ್ಲರ ಎದುರು ಹೇಳಿದಾಗ ನಾನು ಉಬ್ಬಿಹೋದೆ. ಆಗಲೇ ವಕೀಲರು ಕರಾರಿನಿಂದ ತಲೆಯೆತ್ತಿ ಕೇಳಿದರು: “ಈ ಗುರುತಲ್ಲಿರೋ ಕೈ ಯಾರದ್ದಮ್ಮ?”

“ನಂದೇ.”

ಹೇಳಿದ ಕ್ಷಣವೇ ನನ್ನ ಬಲಗೈ ತಾನಾಗಿ ಸೆರಗಿನೊಳಗೆ ಹೋಯಿತು. ಕಿರುಬೆರಳು ನೆಟ್ಟಗಿರುವುದು ಯಾರಾದರೂ ಕಂಡರೆ! ಸಹಿ ಹಾಕುವಾಗಲೂ ಮುಷ್ಟಿ ಬಿಗಿಹಿಡಿದೇ ಹಾಕಿದೆ. ನಿನ್ನ ಹೆಸರು ಹೇಳಿದ್ದರೆ ನಿನ್ನನ್ನೂ ಕರೆಸುತ್ತಿದ್ದರು, ಒಪ್ಪಿಗೆ ಕೇಳುತ್ತಿದ್ದರು, ನಿನಗೂ ಒಂದು ಶಾಲು ಬರುತ್ತಿತ್ತು. ಅಷ್ಟೇ. ನಾನು ಕಳೆದುಕೊಳ್ಳುವುದು ಏನೂ ಇರಲಿಲ್ಲ — ಆ ಒಂದು ನಮಸ್ಕಾರದ ಹೊರತು.

ಸಂಜೆ ನಿನಗೆ ಹೋಳಿಗೆ ತಂದುಕೊಟ್ಟಾಗ ನೀನು ತಮಾಷೆಗೆ ಕೇಳಿದೆ: “ಅಕ್ಕಾ, ನನ್ನ ಕೈನೂ ಮಾರಿಬಿಟ್ಯಾ?” ನಾನು “ಛೆ, ಹೆಸರು ಮಾತ್ರ” ಎಂದೆ. ನೀನು ನಂಬಿದೆ. ಹೋಳಿಗೆ ಚೆನ್ನಾಗಿದೆ ಎಂದೆ.

ಕೆಲವು ವರ್ಷದ ಮೇಲೆ ನೀವು ಮನೆ ಖಾಲಿ ಮಾಡಿ ಕಿಗ್ಗಕ್ಕೆ ಹೋದಿರಿ. ಅಲ್ಲಿ ಹೆಂಗಸರ ಸಂಘ ಕಟ್ಟಿ ನೀನೇ ಉಪ್ಪಿನಕಾಯಿ ಹಾಕತೊಡಗಿದೆ, ಲೇಬಲ್ಲಿಗೆ ನಿನ್ನ ಕೈ ಒತ್ತಿದೆ. ಬಸವರಾಜಪ್ಪನವರ ಕಡೆಯಿಂದ ನೋಟೀಸು ಬಂತು. ನೀನು ಅದನ್ನು ಹಿಡಿದುಕೊಂಡು ಕೊಪ್ಪದ ತನಕ ಬಂದೆ, ಅದೂ ನಗುತ್ತಾ: “ನೋಡಕ್ಕಾ, ನನ್ನ ಕೈ ಹಾಕೋಕೆ ನಂಗೇ ಹಕ್ಕಿಲ್ವಂತೆ!” ಆಗಲಾದರೂ ಬಾಯಿ ಬಿಡಬಹುದಿತ್ತು. “ಅವರದ್ದೇ ಎಂತದೋ ತಪ್ಪಾಗಿರ್ಬೇಕು” ಎಂದು ಕಾಫಿ ಮಾಡಲು ಎದ್ದುಹೋದೆ.

ಕೈ ಬಿಟ್ಟು ಗಿಳಿಯ ಚಿತ್ರ ಹಾಕಿಸಿದಿರಿ. ಗಿಳಿ ಥೇಟ್ ಕೋಳಿಯ ಹಾಗೆ ಬಂತು! ಶೃಂಗೇರಿಯ ಅಂಗಡಿಯಲ್ಲಿ ಒಬ್ಬರು “ಇದು ಕೋಳಿ ಉಪ್ಪಿನಕಾಯಾ?” ಎಂದು ಬಾಟಲಿಯನ್ನು ಎರಡು ಬೆರಳಲ್ಲಿ ಹಿಂದಿಟ್ಟರೆಂದು ನೀನು ಮೊನ್ನೆ ನಮ್ಮನೆಯಲ್ಲಿ ಅಭಿನಯಿಸಿ ತೋರಿಸಿದಾಗ ನಕ್ಕು ನಕ್ಕು ನನ್ನ ಹೊಟ್ಟೆ ಹಿಡಿದುಕೊಂಡಿತು. ಅದೇ ಉಸಿರಿನಲ್ಲಿ ನೀನು, ಬಾಟಲಿಗಳೆಲ್ಲ ಹಾಗೇ ಕೂತಿವೆ, ಈ ವರ್ಷ ಹೀಗೇ ಆದರೆ ಸಂಘ ಮುಚ್ಚಬೇಕು ಎಂದೆ.

ಮರುದಿನವೇ ಎನ್.ಆರ್. ಪುರದ ಬಸ್ಸು ಹತ್ತಿದೆ. ಬಸವರಾಜಪ್ಪನವರ ಎದುರು ಅವರ ಬಾಟಲಿಯನ್ನು ಇಟ್ಟು, ಪಕ್ಕದಲ್ಲಿ ನನ್ನ ಬಲಗೈ ಊರಿದೆ. ಅವರು ಲೇಬಲ್ ನೋಡಿದರು, ನನ್ನ ಕಿರುಬೆರಳು ನೋಡಿದರು, ಮತ್ತೆ ಲೇಬಲ್ ನೋಡಿದರು. ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ. ಅವರು ಅಂಗಡಿಯೇ ನಡುಗುವಂತೆ ನಕ್ಕರು! “ಏನಮ್ಮಾ, ಇಷ್ಟು ವರ್ಷ ನಾನು ನಮಸ್ಕಾರ ಮಾಡಿದ್ದು ಯಾರ ಕೈಗೆ?” ಎಂದರು. ನಗು ಮುಗಿದ ಮೇಲೆ ಮುಖ ಗಂಭೀರವಾಯಿತು. “ಹೆಸರು ನಂಗಿರ್ಲಿ, ಜನ ಈಗ ಅದನ್ನೇ ಕೇಳ್ತಾರೆ. ಕೈ ಯಾರದ್ದೋ ಅವರಿಗೇ ಹೋಗ್ಲಿ. ಆದ್ರೆ ಬರೀ ಮಾತಲ್ಲಿ ಬೇಡ, ಕರಾರೇ ಆಗ್ಲಿ. ನೀವು ಹೇಳಿದ್ದು ಸುಳ್ಳು ಅಂತಾನೂ ಅದ್ರಲ್ಲಿ ಬರ್ಲಿ.”

ಬರೆಸಿದರು. ಹಳದಿ ಕೈಯ ಗುರುತು ಇನ್ನು ನಿನ್ನ ಹೆಸರಿಗೆ. ನಾನು ಸುಳ್ಳು ಹೇಳಿದ್ದೆ ಎಂಬ ಸಾಲಿನ ಕೆಳಗೆ ನನ್ನ ಸಹಿ ಬಿದ್ದಿದೆ, ಅವರದ್ದೂ ಬಿದ್ದಿದೆ. ನಿನ್ನ ಸಹಿಯ ಜಾಗ ಖಾಲಿ ಇದೆ. ಬಸ್ಸಿನಲ್ಲಿ ಬರುವಾಗ ನನಗಾದ ಸಂತೋಷ ಹೇಳತೀರದು — ಹಾಡಬೇಕು ಅನಿಸಿತು. ಆ ಸಂತೋಷಕ್ಕೂ ನನಗೆ ಹಕ್ಕಿಲ್ಲ, ಗೊತ್ತಿದೆ.

ಜಲಜಾ, ಇದನ್ನು ಓದಿದ ಕೂಡಲೇ ನೀನು ನಗುತ್ತೀಯ. ನಿನ್ನ ಸ್ವಭಾವವೇ ಹಾಗೆ. ನಕ್ಕು, “ಹೋಗ್ಲಿ ಬಿಡಕ್ಕಾ” ಎನ್ನುತ್ತೀಯ. ಈ ಒಂದು ಸಲ ಅಷ್ಟು ಬೇಗ ನಗಬೇಡ. ಸ್ವಲ್ಪ ಸಿಟ್ಟು ಮಾಡು. ನಿನಗೆ ಬರಬೇಕಾಗಿದ್ದ ಆ ನಮಸ್ಕಾರದ ಬಗ್ಗೆ ಒಂದು ಗಳಿಗೆ ಯೋಚಿಸು. ಆಮೇಲೆ ಬೇಕಾದರೆ ನಗು.

ಈ ಕಾಗದವನ್ನು ಇವತ್ತು ಸಂಜೆಯ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತೇನೆ. ಕರಾರು ಹಿಡಿದುಕೊಂಡು ನಾನು ನಾಳೆ ಬೆಳಗಿನ ಬಸ್ಸಿಗೆ ಕಿಗ್ಗಕ್ಕೆ ಬರುತ್ತೇನೆ. ನಿನ್ನ ಸಂಘದ ಹೆಂಗಸರನ್ನೆಲ್ಲ ಕರೆದಿಡು. ಅವರೆಲ್ಲರ ಎದುರು ನಿನ್ನ ಆ ಸೊಟ್ಟ ಬೆರಳಿನ ಕೈಗೆ ನಾನು ನಮಸ್ಕಾರ ಮಾಡಬೇಕು. ನನ್ನ ಕೈ ಸೆರಗಿನ ಹೊರಗೇ ಇರುತ್ತದೆ.